ಮುನ್ನೂರಕ್ಕೆ ಮುನ್ನೂರು

ಕಂತು ಒಂಬತ್ತು

ಟೀ ಲೋಟದಲ್ಲಿ ಕೆನೆ ಕಟ್ಟಿ, ಕೆನೆಯ ಮೇಲೆ ಬೂಷ್ಟು ಬಂದಿತ್ತು. ತಕ್ಕಡಿ ಸಾಹೇಬರು ಅದನ್ನು ಪೆನ್ಸಿಲಿನ ತುದಿಯಿಂದ ಮೇಜಿನ ಆ ಕೊನೆಗೆ ತಳ್ಳಿ, ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿ ಕುಳಿತರು.

"ಈ ಕೋಣೆ ಗುಡಿಸಿ ಎಷ್ಟು ದಿನ ಆಯ್ತು?"

"ಗುಡಿಸೋರು ಬರ್ತಾರೆ ಸಾರ್. ನಾನೇ ಬೇಡ ಅಂದಿದ್ದೀನಿ. ವೈರು ಗೀರು ಎಳೆದು ಹಾಕ್ತಾರೆ."

ಗೋದಾಮಿನ ಕಂಪ್ಯೂಟರು ನೋಡಿಕೊಳ್ಳುತ್ತಿದ್ದ ಆ ಯುವಕನನ್ನು ಎಲ್ಲರೂ ಹಸಿರಪ್ಪ ಎನ್ನುತ್ತಿದ್ದರು. ಯಾರು ಯಾವಾಗ ಏನು ಕೇಳಿದರೂ ಪರದೆಯತ್ತ ಬೆರಳು ತೋರಿಸಿ "ಎಲ್ಲಾ ಹಸಿರಾಗಿದೆ" ಎನ್ನುವುದು ಅವನ ರೂಢಿ. ಕೀಲಿಮಣೆಯ ಸಂದಿಯಲ್ಲಿ ಬಿಸ್ಕತ್ತಿನ ಪುಡಿಯಿತ್ತು. ಪುಡಿಗೆ ಇರುವೆ ಸಾಲುಗಟ್ಟಿತ್ತು.

ಆಗ ಒಂಬತ್ತೂ ಮುಕ್ಕಾಲು. ಹನ್ನೆರಡು ಗಂಟೆಗೆ ಪೊಲೀಸರು ಬರುವವರಿದ್ದರು. ಬಂದರೆ ಕರೆದೊಯ್ಯುವುದು ಸಾಹೇಬರ ಅಕ್ಕನ ಮಗಳನ್ನು.

ಸಾಹೇಬರು ಜೇಬಿನಿಂದ ಒಂದು ಪುಟ್ಟ ಸೀಸೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ನೀರಿನಂತೆ ತಿಳಿಯಾಗಿರಬೇಕಾದ ಇನ್ಸುಲಿನ್. ಒಳಗೆ ಒಡೆದ ಹಾಲಿನಂಥ ಬಿಳಿ ಚೂರುಗಳು ತೇಲುತ್ತಿದ್ದವು. ಕೆಲವು ಗಾಜಿಗೆ ಅಂಟಿಕೊಂಡಿದ್ದವು. ಎಲ್ಲೋ ಬಿಸಿಲಲ್ಲಿ ಬೆಂದ ಔಷಧಿ. ಹೀಗೆ ಕೆಟ್ಟ ಏಳು ಪೆಟ್ಟಿಗೆ ಕಳೆದ ವಾರ ಆಸ್ಪತ್ರೆಗೆ ಸೇರಿದ್ದವು. ಅದನ್ನು ಚುಚ್ಚಿಸಿಕೊಂಡ ಮೂವರಲ್ಲಿ ಒಬ್ಬಳು ಶಾಲೆಯ ಹುಡುಗಿ. ಅವಳಿಗೆ ಇನ್ನೂ ಎಚ್ಚರವಾಗಿರಲಿಲ್ಲ.

ಆ ಏಳೂ ಪೆಟ್ಟಿಗೆಗಳ ಮೇಲೆ ಈ ಗೋದಾಮಿನ ಡಿಜಿಟಲ್ ಮುದ್ರೆಯಿತ್ತು: ಗೇಟು ದಾಟುವವರೆಗೂ ತಂಪಾಗಿತ್ತು, ಬಳಸಬಹುದು. ಅದೇ ದಿನ ಗೋದಾಮಿನ ಏಳು ಒಳ್ಳೆಯ ಪೆಟ್ಟಿಗೆಗಳು ದಾಖಲೆಯೇ ಇಲ್ಲದೆ ಹೊರಟುಹೋಗಿದ್ದವು. ಏಳಕ್ಕೆ ಏಳು. ಗೇಟಿನಲ್ಲಿ ನಿಂತು ಪೆಟ್ಟಿಗೆಗಳನ್ನು ಸ್ಕ್ಯಾನ್ ಮಾಡುವವಳು ಸಾಹೇಬರ ಸೊಸೆ, ಆ ಅಕ್ಕನ ಮಗಳೇ. ಅದಲುಬದಲು ಮಾಡಿದವಳು ಅವಳೇ ಎಂದು ಮ್ಯಾನೇಜರ್ ಮೇಡಂ ತೀರ್ಮಾನಿಸಿಯಾಗಿತ್ತು.

"ಕಥೆ ಬೇಡ," ಎಂದರು ಸಾಹೇಬರು. "ಕ್ರಮ ಹೇಳು. ಪೆಟ್ಟಿಗೆ ಹೊರಡುವಲ್ಲಿಂದ."

ಹಸಿರಪ್ಪ ಹೇಳಿದ. ಬೆಳಿಗ್ಗೆಯಿಂದ ಸ್ಕ್ಯಾನ್ ಆದ ಪೆಟ್ಟಿಗೆಗಳೆಲ್ಲ ಕಂಪ್ಯೂಟರಿನಲ್ಲಿ ಕೂಡಿರುತ್ತವೆ. ಹನ್ನೊಂದು ಗಂಟೆಗೆ ಗಂಟೆ ಬಾರಿಸುತ್ತಾರೆ, ಆ ಹತ್ತು ನಿಮಿಷ ಯಾರೂ ಸ್ಕ್ಯಾನರ್ ಮುಟ್ಟಬಾರದೆಂದು. ಆಗ ಅಷ್ಟೂ ನಮೂದುಗಳು ಒಟ್ಟಿಗೆ ಬ್ಲಾಕ್‌ಚೈನಿಗೆ ಹೋಗುತ್ತವೆ. ಅದರ ಪ್ರತಿ ಆಸ್ಪತ್ರೆಗಳಲ್ಲೂ ಇರುತ್ತದೆ, ಲಾರಿ ಕಂಪನಿಗಳಲ್ಲೂ ಇರುತ್ತದೆ. ಒಮ್ಮೆ ಬರೆದದ್ದನ್ನು ಯಾರೂ ಅಳಿಸಲಾಗದು.

"ಎಲ್ಲಾ ಹೋಗುತ್ತಾ?"

"ಹೋಗುತ್ತೆ ಸಾರ್. ಅಂದ್ರೆ... ಒಂದೊಂದ್ಸಲ ಒಂದೆರಡು ಫೇಲ್ ಆಗುತ್ತೆ."

"ಒಂದೊಂದ್ಸಲ ಅಂದ್ರೆ?"

"ಅದೇ ಗೊತ್ತಾಗಲ್ಲ. ಕೆಲವು ದಿನ ಒಂದೂ ಇಲ್ಲ. ಕೆಲವು ದಿನ ಮೂರು. ಹೋದ ಮಂಗಳವಾರ ಏಳು. ಇವತ್ತು ಐವತ್ತನೇದು ಬಿದ್ರೆ ನಾಳೆ ಇನ್ನೂರನೇದು. ಒಂದೊಂದಾಗಿ ಕಳಿಸಿ ನೋಡ್ದೆ, ಒಂದೂ ಬೀಳ್ಲಿಲ್ಲ. ಒಟ್ಟಿಗೆ ಕಳಿಸಿದ್ರೆ ಮಾತ್ರ ಈ ಕಾಟ."

"ಒಂದೊಂದಾಗಿ ಕಳಿಸಿ ನೋಡಿದ್ದು ಎಷ್ಟು ಗಂಟೆಗೆ?"

"ಸಂಜೆ. ಎಲ್ಲರೂ ಮನೆಗೆ ಹೋದ್ಮೇಲೆ."

ಸಾಹೇಬರು ಅದನ್ನು ಬರೆದುಕೊಂಡರು.

"ಬಿದ್ದದ್ದು ಯಾಕೆ ಬಿತ್ತು ಅಂತ ಯಂತ್ರ ಹೇಳಲ್ವಾ?"

"ಹೇಳುತ್ತೆ. 'ಈ ಸಂಖ್ಯೆ ಬಳಕೆಯಾಗಿದೆ' ಅಂತ." ಹಸಿರಪ್ಪ ತಲೆ ಕೆರೆದುಕೊಂಡ. "ನಮ್ಮ ಮುದ್ರೆಯಿಂದ ಹೋಗೋ ಪ್ರತಿಯೊಂದಕ್ಕೂ ಒಂದು ಸರದಿ ಸಂಖ್ಯೆ ಇರಬೇಕು ಸಾರ್. ಒಂದು, ಎರಡು, ಮೂರು, ಹೀಗೆ, ಬಿಡದ ಹಾಗೆ. ಒಂದು ಸಂಖ್ಯೆಗೆ ಒಂದೇ ನಮೂದು. ಅದೇ ಸಂಖ್ಯೆ ಹೊತ್ತು ಎರಡನೇದು ಬಂದ್ರೆ ಚೈನು ಒದ್ದು ಹೊರಗೆ ಹಾಕುತ್ತೆ."

"ಮೊದಲು ಕೂತವನದ್ದೇ ಕುರ್ಚಿ."

"ಕರೆಕ್ಟ್. ಗಂಟೆ ಹೊಡೆದಾಗ ನನ್ನ ಪ್ರೋಗ್ರಾಮು ಒಂದೇ ಸಲ ಕೇಳುತ್ತೆ, ಮುಂದಿನ ಸಂಖ್ಯೆ ಯಾವುದು ಅಂತ. ಆಮೇಲೆ ತಾನೇ ಎಣಿಸ್ಕೊಂಡು ಹೋಗುತ್ತೆ."

"ಹಾಗಿದ್ದ ಮೇಲೆ ಕುರ್ಚಿಯಲ್ಲಿ ಮೊದಲೇ ಕೂತವನು ಯಾರು?"

"ಯಾರೂ ಅಲ್ಲ ಸಾರ್. ನೆಟ್‌ವರ್ಕ್ ನಿಧಾನ. ನಮ್ಮದೇ ನಮೂದು ಎರಡು ಸಲ ತಲುಪಿರುತ್ತೆ, ಎರಡನೇದನ್ನ ತಳ್ಳಿರುತ್ತೆ ಅಂದ್ಕೊಂಡೆ."

"ಅಂದುಕೊಂಡೆ," ಎಂದರು ಸಾಹೇಬರು. ಮಾವಿನಕಾಯಿ ಕಚ್ಚಿದವರಂತೆ ಅವರ ಮುಖ ಹುಳ್ಳಗಾಯಿತು. "ನೋಡಲಿಲ್ಲ."

ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಅವರು ಅಂಗಡಿ ಅಂಗಡಿಯ ತಕ್ಕಡಿ ಪರೀಕ್ಷಿಸಿದವರು. ಹೊಟ್ಟೆ ಕೊರೆದು ಮೇಣ ತುಂಬಿದ ತೂಕದ ಕಲ್ಲುಗಳನ್ನು ಕಂಡವರು. ಕಳ್ಳರ ಬಗ್ಗೆ ಅವರಿಗೆ ಸಿಟ್ಟಿತ್ತು. ಆದರೆ ಹೇಸಿಗೆ ಇದ್ದದ್ದು ಬೇರೆಯವರ ಬಗ್ಗೆ: ಕಲ್ಲನ್ನು ಎತ್ತಿ ಕೆಳಗೆ ನೋಡದೆ ಠಸ್ಸೆ ಹಾಕುವವರ ಬಗ್ಗೆ.

"ಬಿದ್ದದ್ದನ್ನ ಏನು ಮಾಡ್ತೀಯ?"

"ಮತ್ತೆ ಕಳಿಸುತ್ತೆ. ಮೂರು ಸಲ."

"ಹೊಸ ಸಂಖ್ಯೆ ಕೊಟ್ಟು?"

ಹಸಿರಪ್ಪ ಕೀಲಿಮಣೆಯ ಇರುವೆಗಳನ್ನು ಊದತೊಡಗಿದ.

"ಅದೇ ಸಂಖ್ಯೆಯಲ್ಲಿ," ಎಂದರು ಸಾಹೇಬರು. "ತುಂಬಿದ ಕುರ್ಚಿಗೇ ಮೂರು ಸಲ ಕಳಿಸ್ತೀಯ. ನಾಲ್ಕನೇ ಸಲ?"

"ಒಂದು ಫೈಲಿಗೆ ಹಾಕಿಬಿಡುತ್ತೆ ಸಾರ್."

"ಪರದೆ ಮೇಲೆ?"

"...ಹಸಿರು."

ಫೈಲಿನ ಹೆಸರು 'ಕಸ'. ಅವನು ಅದನ್ನು ತೆರೆದ. ಎಂಟು ತಿಂಗಳಿಂದ ಯಾರೂ ತೆರೆದಿರಲಿಲ್ಲ. ಇನ್ನೂರ ಹನ್ನೊಂದು ಸಾಲುಗಳಿದ್ದವು. ಪೆಟ್ಟಿಗೆಗೆ ಹತ್ತು ಸೀಸೆ. ಸಾಹೇಬರು ಗುಣಿಸಿದರು. ಎರಡು ಸಾವಿರದ ನೂರ ಹತ್ತು. ಅವರು ಕನ್ನಡಕ ತೆಗೆದು, ಕಣ್ಣು ಒತ್ತಿಕೊಂಡು, ಮತ್ತೆ ಹಾಕಿಕೊಂಡರು.

"ನಿಮ್ಮ ಮೇಡಂ ಇದನ್ನ ಕಂಡಿದ್ದಾರಾ?"

"ಒಂದ್ಸಲ ಹೇಳಿದ್ದೆ. 'ಹಸಿರು ಬರ್ತಿದೆಯಲ್ಲ, ಬಿಡು' ಅಂದ್ರು."

*

ಮ್ಯಾನೇಜರ್ ಮೇಡಂ ಕೋಣೆ ಕನ್ನಡಿಯಂತಿತ್ತು. ಗೋಡೆಗೆ ಪ್ರಶಸ್ತಿಪತ್ರ, ಮೇಜಿಗೆ ಗಾಜು, ಗಾಳಿಗೆ ಅತ್ತರಿನ ವಾಸನೆ. ಸಾಹೇಬರಿಗೆ ಹಸಿರಪ್ಪನ ಬೂಷ್ಟೇ ವಾಸಿ ಎನಿಸಿತು.

ಮೂಲೆಯ ಕುರ್ಚಿಯಲ್ಲಿ ಸೊಸೆ ಕೂತಿದ್ದಳು. ಅವಳ ಫೋನು, ಸ್ಕ್ಯಾನರು, ಗುರುತುಚೀಟಿ ಮೂರೂ ಮೇಡಂ ಮೇಜಿನ ಮೇಲಿದ್ದವು. ಎಂಟು ಗಂಟೆಯಿಂದ ಅವಳನ್ನು ಅಲ್ಲಿಂದ ಏಳಗೊಟ್ಟಿರಲಿಲ್ಲ.

"ಪುಟ್ಟಿ, ನೀರು ಕುಡಿದೆಯಾ?"

"ಹೂಂ ಮಾಮ." ಅವಳು ದನಿ ತಗ್ಗಿಸಿದಳು. "ಅಮ್ಮ ಹನ್ನೊಂದಕ್ಕೆ ಬುತ್ತಿ ತರ್ತಾಳೆ. ದಿನಾ ತರ್ತಾಳೆ. ಇವತ್ತು ಬೇಡ ಅಂತ ಹೇಳಿ. ಹೀಗೆ ಕೂತಿರೋದನ್ನ ಅವಳು ನೋಡೋದು ಬೇಡ."

ಸಾಹೇಬರು ತಲೆಯಾಡಿಸಿದರು. ಅಕ್ಕ ಬೆಳಿಗ್ಗೆ ಎಂಟೂಕಾಲಿಗೇ ಫೋನು ಮಾಡಿದ್ದಳು. 'ಹುಡುಗೀನ ಬಿಡಿಸ್ಕೊಂಡು ಬಾ ತಮ್ಮಾ. ಉಳಿದದ್ದೆಲ್ಲ ಕೆದಕೋಕೆ ಹೋಗ್ಬೇಡ, ಅದು ನಮಗೆ ಯಾಕೆ?' ಎಂದು ಅತ್ತಿದ್ದಳು. ಆಸ್ಪತ್ರೆ ರಸ್ತೆಯಲ್ಲಿ ಔಷಧಿ ಅಂಗಡಿ ನಡೆಸಿ ಮಗಳನ್ನು ಓದಿಸಿದವಳು, ಅದಕ್ಕೂ ಮೊದಲು ತಮ್ಮನನ್ನು ಓದಿಸಿದವಳು. ಸಾಹೇಬರಿಗೆ ಮಗ್ಗಿ ಬಾಯಿಪಾಠ ಮಾಡಿಸಿದ್ದೂ ಅವಳೇ.

"ನಿಮ್ಮ ಸೊಸೆ ಅನ್ನೋ ಕಾರಣಕ್ಕೆ ಒಳಗೆ ಬಿಟ್ಟಿದ್ದೀನಿ," ಎಂದಳು ಮೇಡಂ. "ಹನ್ನೆರಡಕ್ಕೆ ಪೊಲೀಸ್ನೋರು ಬರ್ತಾರೆ. ಏನಾದ್ರೂ ಸಿಕ್ತಾ?"

"ಒಂದು ಲೆಕ್ಕ ಕೇಳ್ಬೇಕಿತ್ತು. ಮಂಗಳವಾರ ನೀವು ಕಳಿಸಿದ್ದು ಎಷ್ಟು?"

"ಮುನ್ನೂರು."

"ಚೈನಿನಲ್ಲಿ ನಿಮ್ಮ ಮುದ್ರೆಯ ಕೆಳಗೆ ಅವತ್ತು ಸೇರಿದ್ದು?"

"ಮುನ್ನೂರು. ದಿನಾ ನಾನೇ ತಾಳೆ ನೋಡ್ತೀನಿ. ಐವತ್ತೆಂಟು ಸಾವಿರದ ಇನ್ನೂರ ನಲವತ್ತೊಂದರಿಂದ ಐನೂರ ನಲವತ್ತರ ತನಕ. ಒಂದೂ ಬಿಟ್ಟಿಲ್ಲ. ಎಂಟು ತಿಂಗಳಲ್ಲಿ ಒಂದು ದಿನವೂ ತಾಳೆ ತಪ್ಪಿಲ್ಲ." ಅವಳು ಗೋಡೆಯ ಪ್ರಶಸ್ತಿಪತ್ರವನ್ನು ಒಮ್ಮೆ ನೋಡಿದಳು. "ನನ್ನ ಲೆಕ್ಕದಲ್ಲಿ ತಪ್ಪಿಲ್ಲ ಸಾಹೇಬ್ರೆ."

"ಅದೇ ತಪ್ಪು."

ಅವರು ಒಂದು ಹಾಳೆ ಎಳೆದುಕೊಂಡು ಪೆನ್ಸಿಲಿನಲ್ಲಿ ಬರೆದರು, ಶಾಲೆಯ ಮಕ್ಕಳಿಗೆ ತೋರಿಸುವಂತೆ, ಒಂದರ ಕೆಳಗೊಂದು.

"ಕಳಿಸಿದ್ದು ಮುನ್ನೂರು. ಅದರಲ್ಲಿ ಬಿದ್ದದ್ದು ಏಳು, ಇವನ ಕಸದ ಫೈಲಿನಲ್ಲಿ ಇವೆ. ಕಳೆಯಿರಿ. ಚೈನು ಸೇರಬೇಕಾದದ್ದು ಇನ್ನೂರ ತೊಂಬತ್ತಮೂರು. ಸೇರಿದ್ದು ಮುನ್ನೂರು. ಆ ಏಳು ಎಲ್ಲಿಂದ ಬಂತು?"

ಮೇಡಂ ಹಾಳೆಯನ್ನು ನೋಡಿದಳು. ಹಸಿರಪ್ಪ ಬಾಗಿಲಲ್ಲೇ ನಿಂತಿದ್ದ. ಅವನ ತುಟಿಗಳು ಲೆಕ್ಕ ಹಾಕುತ್ತಿದ್ದವು.

"ನಿಮ್ಮ ಏಳು ಬಿದ್ದದ್ದು ನೆಟ್‌ವರ್ಕಿನಿಂದ ಅಲ್ಲ," ಎಂದರು ಸಾಹೇಬರು. "ನಿಮ್ಮ ಮುನ್ನೂರು ಸಾಲಾಗಿ ಹೋಗ್ತಾ ಇದ್ದಾಗ ಇನ್ಯಾರೋ ನಿಮ್ಮದೇ ಮುದ್ರೆ ಒತ್ತಿ ಮಧ್ಯೆ ನುಗ್ಗಿದ್ದಾರೆ. ಅವರು ಒಂದು ಕುರ್ಚಿ ಹಿಡಿದರೆ ನಿಮ್ಮದೊಂದು ಬೀಳುತ್ತೆ. ಒಂದಕ್ಕೆ ಒಂದು. ಬಿದ್ದದ್ದು ಎಷ್ಟು ಅಂತ ನೀವು ಎಣಿಸಲಿಲ್ಲ, ಕೂತಿರೋದು ಯಾರು ಅಂತ ನೋಡಲಿಲ್ಲ. ಮೊತ್ತ ಸರಿ ಇತ್ತು, ಮಲಗಿಬಿಟ್ಟಿರಿ."

ಹಸಿರಪ್ಪ ಮೇಡಂನ ಕಂಪ್ಯೂಟರಿಗೆ ಧಾವಿಸಿ, ಬಿದ್ದ ಏಳು ಸಂಖ್ಯೆಗಳನ್ನು ಒಂದೊಂದಾಗಿ ಹುಡುಕಿದ. ಏಳೂ ಕುರ್ಚಿಗಳಲ್ಲಿ ಬೇರೆ ಪೆಟ್ಟಿಗೆಗಳು ಕೂತಿದ್ದವು. ಈ ಗೋದಾಮಿಗೆ ಎಂದೂ ಬಾರದ ಪೆಟ್ಟಿಗೆಗಳು. ಪ್ರತಿಯೊಂದರ ಮುಂದೆಯೂ ಒಂದೇ ವಾಕ್ಯ: ತಂಪಾಗಿತ್ತು, ಬಳಸಬಹುದು.

"ಆಸ್ಪತ್ರೆಗೆ ಹೋದ ಏಳು ಇವೇ ಸಾರ್," ಎಂದ. "ಅಂದ್ರೆ ಕಸದ ಫೈಲಿನಲ್ಲಿರೋ ಇನ್ನೂರ ಹನ್ನೊಂದೂ..."

"ಹೂಂ. ಒಂದೊಂದರ ಹಿಂದೆಯೂ ಒಂದು ಕೊಳೆತ ಪೆಟ್ಟಿಗೆ."

ಸೊಸೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಮುದ್ರೆ ಯಾರ ಯಾರ ಬಳಿ ಇದೆ?" ಎಂದು ಸಾಹೇಬರು ಕೇಳಿದರು.

ಹಸಿರಪ್ಪ ನೆಲ ನೋಡುತ್ತಲೇ ಒಪ್ಪಿಕೊಂಡ. ಒಂದೊಂದು ಯಂತ್ರಕ್ಕೂ ಒಂದೊಂದು ಮುದ್ರೆ ಮಾಡಿಸಬೇಕಿತ್ತು. ಅದಕ್ಕೆ ಅರ್ಜಿ, ಸಹಿ, ಎರಡು ವಾರದ ಓಡಾಟ. ಅವನು ಒಂದೇ ಮುದ್ರೆಯನ್ನು ಕಂಪ್ಯೂಟರಿಗೂ ಕೈಸ್ಕ್ಯಾನರುಗಳಿಗೂ ಹಾಕಿಬಿಟ್ಟಿದ್ದ.

"ನಾನೇನು ಕದ್ದಿಲ್ಲ ಸಾರ್!"

"ಕದಿಯೋಕೂ ಒಂದಿಷ್ಟು ಶ್ರದ್ಧೆ ಬೇಕಪ್ಪಾ."

ಮೇಡಂ ಸುಧಾರಿಸಿಕೊಂಡಿದ್ದಳು. "ಒಳ್ಳೇದೇ ಆಯ್ತು. ಮುದ್ರೆ ಸ್ಕ್ಯಾನರಿನಲ್ಲಿದೆ. ಸ್ಕ್ಯಾನರು ಇವಳ ಕೈಯಲ್ಲಿರುತ್ತೆ. ಹೊರಗಿನ ಪೆಟ್ಟಿಗೆಗೆ ಒತ್ತಿದವಳೂ ಇವಳೇ. ನೀವೇ ಸಾಬೀತು ಮಾಡಿಕೊಟ್ಟಿರಿ."

"ನಾನಲ್ಲ ಮಾಮ!"

"ಮೇಡಂ, ಈ ಮಾತಿನಿಂದ ನಿಮ್ಮ ಹೆಸರು ಉಳಿಯುತ್ತೆ ಅಂತ ಗೊತ್ತು. ಹೀಗೆ ಉಳಿಸ್ಕೊಳ್ಳೋ ಹೆಸರನ್ನ ಎಲ್ಲಿ ಇಟ್ಕೊಳ್ತೀರಿ?" ಸಾಹೇಬರು ಪೆನ್ಸಿಲನ್ನು ಜೇಬಿಗೆ ಹಾಕಿದರು. "ಹನ್ನೊಂದಕ್ಕೆ ಗಂಟೆ ಬಾರಿಸಲಿ. ಆದರೆ ಇವನು ಒಂದೂ ಕಳಿಸಬಾರದು. ಪುಟ್ಟಿ ಇಲ್ಲೇ ನಿಮ್ಮ ಕಣ್ಣೆದುರು ಕೂತಿರಲಿ. ಯಾರೂ ಕಳಿಸದಿದ್ದರೆ ಸಂಖ್ಯೆ ನಿಂತಲ್ಲೇ ನಿಲ್ಲಬೇಕು. ನಿಂತರೆ ನೀವು ಹೇಳಿದ್ದು ಸರಿ, ಕರೆದುಕೊಂಡು ಹೋಗಲಿ."

ಮೇಡಂ ಗಡಿಯಾರ ನೋಡಿದಳು. "ಸರಿ. ಆಮೇಲೆ ಮಾತು ಬದಲಿಸಬಾರದು."

*

ಗಂಟೆ ಬಾರಿಸಿತು. ಕೆಳಗೆ ಅಂಗಳದಲ್ಲಿ ಕೆಲಸಗಾರರು ಸ್ಕ್ಯಾನರುಗಳನ್ನು ಪೆಟ್ಟಿಗೆಗೆ ಹಾಕಿ, ಮುಚ್ಚಳ ಮುಚ್ಚಿದರು. ಅದು ಮೇಲಿಂದಲೇ ಕೇಳಿಸಿತು. ಪರದೆಯ ಮೇಲೆ ಮುಂದಿನ ಸರದಿ ಸಂಖ್ಯೆ ಇತ್ತು: ಅರವತ್ತು ಸಾವಿರದ ಏಳು.

ಹಸಿರಪ್ಪ ಎರಡೂ ಕೈ ಎತ್ತಿ ಕೂತಿದ್ದ, ಪಿಸ್ತೂಲು ಕಂಡವನಂತೆ.

ಒಂದು ನಿಮಿಷ. ಎರಡು ನಿಮಿಷ. ಮೇಡಂ ಬೆರಳಿನಿಂದ ಗಾಜು ಕುಟ್ಟುತ್ತಿದ್ದಳು. ಏನೂ ಆಗದಿದ್ದರೆ, ಎಂದು ಸಾಹೇಬರ ಮನಸ್ಸು ಒಂದು ಕ್ಷಣ ಅಳುಕಿತು. ಕಳ್ಳ ದಿನಾ ಬರುತ್ತಾನೆಂದು ಯಾವ ಲೆಕ್ಕ ಹೇಳಿದೆ?

ಏಳು ಎಂಟಾಯಿತು.

"ನಾನು ಮುಟ್ಟಿಲ್ಲ ಸಾರ್! ನೋಡಿ, ಕೈ ನೋಡಿ!"

ಎಂಟು ಒಂಬತ್ತಾಯಿತು. ಮೇಡಂ ಬೆರಳು ನಿಂತಿತು. ಅವಳು ಮೂಲೆಯ ಕುರ್ಚಿಯತ್ತ ತಿರುಗಿ ನೋಡಿದಳು. ಸೊಸೆಯ ಎರಡೂ ಕೈ ಅವಳ ತೊಡೆಯ ಮೇಲಿದ್ದವು, ಬರಿಗೈ. ಅವಳ ಸ್ಕ್ಯಾನರು ಮೇಡಂನ ಮುಂದೆಯೇ ಸತ್ತಂತೆ ಬಿದ್ದಿತ್ತು.

"ಈಗ ಒಳಗಿನ ವೈಫೈಯಲ್ಲಿ ಯಾವ ಯಾವ ಯಂತ್ರ ಸೇರಿವೆ, ಅದನ್ನ ತೆಗಿ," ಎಂದರು ಸಾಹೇಬರು. "ಹೊರಗಿಂದ ನಿಮ್ಮ ಚೈನಿಗೆ ಕಳಿಸೋಕೆ ಆಗುತ್ತಾ?"

"ಇಲ್ಲ ಸಾರ್, ಕಾಂಪೌಂಡಿನ ಒಳಗೇ ಇರಬೇಕು." ಅವನ ಬೆರಳುಗಳು ಓಡಿದವು. "ಕಂಪ್ಯೂಟರು. ಸ್ಕ್ಯಾನರ್ ಒಂದು, ಎರಡು, ಮೂರು, ಆಫ್ ಆಗಿವೆ. ಇದೇನಿದು? ಸ್ಕ್ಯಾನರ್ ನಾಲ್ಕು! ಗೇಟಿನ ಪಕ್ಕದ ಆಂಟೆನಾಕ್ಕೆ ಸೇರಿದೆ. ಹತ್ತು ಹೆಜ್ಜೆ ಒಳಗೇ ಇದೆ ಸಾರ್, ಸಿಗ್ನಲ್ ಅಷ್ಟು ಜೋರಾಗಿದೆ."

"ನಾಲ್ಕನೇ ಸ್ಕ್ಯಾನರೇ ಇಲ್ಲ," ಎಂದಳು ಮೇಡಂ. "ನೀರಿಗೆ ಬಿದ್ದು ಕೆಟ್ಟಿತು ಅಂತ ಎಂಟು ತಿಂಗಳ ಹಿಂದೆ ತೆಗೆದುಹಾಕಿದ್ವಿ." ಅವಳು ಕಪಾಟಿನಿಂದ ಒಂದು ಕಡತ ಎಳೆದು ಹಾಳೆ ಮಗುಚಿದಳು. ಅವಳ ಬೆರಳು ಒಂದು ಸಹಿಯ ಮೇಲೆ ನಿಂತಿತು. "ಗುಜರಿಗೆ ಹಾಕ್ತೀನಿ ಅಂತ ಒಯ್ದದ್ದು ಇವಳು."

ಎಲ್ಲರೂ ಸೊಸೆಯನ್ನು ನೋಡಿದರು.

"ಒಯ್ದದ್ದು ನಿಜ ಮಾಮ," ಎಂದಳು ಅವಳು. ಮುಖದಲ್ಲಿ ಗಾಬರಿಗಿಂತ ಗೊಂದಲವೇ ಹೆಚ್ಚಿತ್ತು. "ಮನೇಲೇ ಇಟ್ಟಿದ್ದೆ. ಅಟ್ಟದ ಮೇಲೆ. ಗುಜರಿಯವನು ಬಂದಾಗ ಹುಡುಕಿದೆ, ಸಿಗಲಿಲ್ಲ. ಅಮ್ಮನ್ನ ಕೇಳಿದೆ. ಯಾವತ್ತೋ ಎಸೆದೆ ಅಂದ್ಳು."

ಸಾಹೇಬರು ಎದ್ದರು. ಎದ್ದದ್ದು ಏಕೆಂದು ಅವರಿಗೆ ಆಗ ತಿಳಿದಿರಲಿಲ್ಲ, ಕಾಲುಗಳಿಗೆ ತಿಳಿದಿತ್ತು. ಹನ್ನೊಂದು ಗಂಟೆ. ದಿನಾ ಹನ್ನೊಂದು ಗಂಟೆ. ಸಂಜೆ ಎಲ್ಲರೂ ಮನೆಗೆ ಹೋದ ಮೇಲೆ ಒಂದೂ ಬೀಳಲಿಲ್ಲ. ಬುತ್ತಿ ತರಬೇಡವೆಂದು ಅವರು ಹೇಳಿರಲಿಲ್ಲ, ಹೇಳಲು ಮರೆತಿದ್ದರು.

ಅವರು ಕಿಟಕಿಯ ಪರದೆಯನ್ನು ಎರಡು ಬೆರಳಷ್ಟು ಸರಿಸಿದರು.

ಗೇಟಿನ ಒಳಗೆ, ಕಾಯುವವರ ಬೆಂಚಿನ ಮೇಲೆ, ಅಕ್ಕ ಕುಳಿತಿದ್ದಳು. ಬೆನ್ನು ನೆಟ್ಟಗೆ, ಕಾಲು ಜೋಡಿಸಿ, ಯಾವತ್ತೂ ಕೂರುವಂತೆ. ತೊಡೆಯ ಮೇಲೆ ಬುತ್ತಿಯ ಚೀಲ. ಬಲಗೈ ಮಣಿಕಟ್ಟಿನವರೆಗೆ ಚೀಲದೊಳಗಿತ್ತು.

ಬೆಳಗಿನಿಂದ ಎಲ್ಲರ ಮೇಲೂ ಉಗುಳಬೇಕೆನಿಸಿದ್ದ ಹೇಸಿಗೆಯನ್ನು ಈಗ ಯಾರ ಮೇಲೆ ಉಗುಳುವುದೆಂದು ಅವರಿಗೆ ತಿಳಿಯಲಿಲ್ಲ. ಒಳಗೆ ಮಗಳನ್ನು ಕೂರಿಸಿದ್ದಾರೆಂದು ತಿಳಿದೂ ಒತ್ತುತ್ತಿದ್ದಾಳೆ. ಮಗಳು ಇಲ್ಲದಾಗಲೂ ಮುದ್ರೆ ಬೀಳುತ್ತದೆಂದು ತೋರಿಸಿ ಅವಳನ್ನು ಬಿಡಿಸಲು ಒತ್ತುತ್ತಿದ್ದಾಳೋ, ಇವತ್ತಿನ ಸರಕು ಇವತ್ತೇ ಸಾಗಲೆಂದು ಒತ್ತುತ್ತಿದ್ದಾಳೋ? ಆ ಮುಖದಿಂದ ಹೇಳುವಂತಿರಲಿಲ್ಲ. ಮಗ್ಗಿ ತಪ್ಪಿದಾಗ ಬೆರಳ ಗಂಟಿಗೆ ಹೊಡೆಯುತ್ತಿದ್ದಾಗಲೂ ಆ ಮುಖ ಹೀಗೇ ಇರುತ್ತಿತ್ತು.

ಬೆಂಚಿನ ಮೇಲೆ ಅವಳ ಮೊಣಕೈ ಒಮ್ಮೆ ಅಲುಗಿತು.

"ಮೂರು!" ಎಂದು ಹಿಂದಿನಿಂದ ಹಸಿರಪ್ಪ ಕೂಗಿದ. "ಹತ್ತಾಯ್ತು ಸಾರ್, ಈಗಷ್ಟೇ!"

"ಅಲ್ಲಿ ಯಾರಿದ್ದಾರೆ ಸಾಹೇಬ್ರೆ?" ಮೇಡಂ ಕುರ್ಚಿ ಹಿಂದಕ್ಕೆ ತಳ್ಳಿದ ಸದ್ದಾಯಿತು. "ಯಾರನ್ನ ನೋಡ್ತಿದ್ದೀರಿ?"

"ಮಾಮ?" ಎಂದಳು ಸೊಸೆ.

ಕೆಳಗೆ ಅಕ್ಕ ತಲೆ ಎತ್ತಿದಳು. ಕಿಟಕಿಯಲ್ಲಿ ತಮ್ಮನನ್ನು ಕಂಡಳು. ಎಡಗೈ ಎತ್ತಿ, ಮಗಳು ಹೇಗಿದ್ದಾಳೆ ಎಂಬಂತೆ ಅಂಗೈ ಆಡಿಸಿದಳು.

ಬಲಗೈ ಚೀಲದೊಳಗೇ ಇತ್ತು.

"ನಾಲ್ಕು," ಎಂದ ಹಸಿರಪ್ಪ.